ಬೀಳಿಸುವುದೋ, ಬಚ್ಚಿಡುವುದೋ

ಪೂಲ್ ಟೇಬಲ್ಲಿನ ಸುತ್ತ ನಿಂತವರು ಚಪ್ಪಾಳೆ ತಟ್ಟುವುದು ಚೆಂಡು ಬಿದ್ದಾಗ. ಉದ್ದಕ್ಕೆ ಹೊಡೆದ ಚೆಂಡು ಮೂಲೆಯ ಪಾಕೆಟ್ಟಿಗೆ ಹೋಗಿ ಸದ್ದು ಮಾಡಿದರೆ ಪಕ್ಕದ ಟೇಬಲ್ಲಿನವರೂ ತಿರುಗಿ ನೋಡುತ್ತಾರೆ. ಅದೇ ಆಟಗಾರ ಯಾವ ಚೆಂಡನ್ನೂ ಬೀಳಿಸದೆ, ಬಿಳಿ ಚೆಂಡನ್ನು ಬೇರೆರಡು ಚೆಂಡುಗಳ ಹಿಂದೆ ತಂದು ನಿಲ್ಲಿಸಿ, ಎದುರಾಳಿಗೆ ಗುರಿಯೇ ಕಾಣದ ಹಾಗೆ ಮಾಡಿ ಹೋಗಿ ಕುರ್ಚಿಯಲ್ಲಿ ಕೂತರೆ ಯಾರೂ ಏನೂ ಅನ್ನುವುದಿಲ್ಲ. ‘ಛೆ, ಹೊಡೀಬಹುದಿತ್ತು’ ಎಂಬ ಗೊಣಗಾಟ ಬೇಕಾದರೆ ಕೇಳಿಸುತ್ತದೆ. ಇದು ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿರುವ ಅನ್ಯಾಯ. ಹೀಗೆ ಬಚ್ಚಿಟ್ಟು ಆಡುವ ಸೇಫ್ಟಿ ಅಂದರೆ ಅಂಜುಬುರುಕರ ಆಟ ಎಂಬ ನಂಬಿಕೆ ನಮ್ಮ ಪಾರ್ಲರುಗಳಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ನಾನು ಕಂಡ ಮಟ್ಟಿಗೆ, ಪಂದ್ಯ ಗೆಲ್ಲುವವರಿಗೂ ಗೆಲುವಿನ ಬಾಗಿಲವರೆಗೆ ಬಂದು ವಾಪಸು ಹೋಗುವವರಿಗೂ ಇರುವ ವ್ಯತ್ಯಾಸ ಕೈಯಲ್ಲಿ ಅಷ್ಟಾಗಿ ಇಲ್ಲ. ಬೀಳಿಸುವುದೋ, ಬಚ್ಚಿಡುವುದೋ ಎಂದು ತೀರ್ಮಾನಿಸುವ ಅರೆಗಳಿಗೆಯಲ್ಲಿ ಇದೆ.

ನಾನು ಹೇಳುತ್ತಿರುವುದು ಮುಖ್ಯವಾಗಿ ನೈನ್ ಬಾಲ್ ಬಗ್ಗೆ. ಒಂದರಿಂದ ಒಂಬತ್ತರವರೆಗಿನ ಅಂಕಿಯ ಚೆಂಡುಗಳು. ಟೇಬಲ್ಲಿನ ಮೇಲೆ ಉಳಿದಿರುವುದರಲ್ಲಿ ಅತಿ ಸಣ್ಣ ಅಂಕಿಯ ಚೆಂಡಿಗೇ ಬಿಳಿ ಮೊದಲು ತಾಗಬೇಕು. ತಾಗಿದ ಮೇಲೆ ಯಾವುದಾದರೂ ಚೆಂಡು ಬೀಳಬೇಕು, ಇಲ್ಲವೇ ಒಂದಾದರೂ ಚೆಂಡು ಕುಶನ್ ಮುಟ್ಟಬೇಕು. ಎರಡೂ ಆಗದಿದ್ದರೆ ಫೌಲ್. ಫೌಲಾದರೆ ಎದುರಾಳಿ ಬಿಳಿಯನ್ನು ಕೈಗೆತ್ತಿಕೊಂಡು ತನಗೆ ಇಷ್ಟ ಬಂದ ಕಡೆ ಇಟ್ಟು ಆಡಬಹುದು. ಸತತವಾಗಿ ಮೂರು ಸಲ ಫೌಲ್ ಮಾಡಿದರೆ ಆ ಗೇಮೇ ಹೋಯಿತು. ಒಂಬತ್ತನ್ನು ನಿಯಮದಂತೆ ಬೀಳಿಸಿದವರು ಗೆದ್ದರು.

ಈ ‘ಬಾಲ್ ಇನ್ ಹ್ಯಾಂಡ್’ ಎಂಬ ಶಿಕ್ಷೆಯೇ ಪೂಲಿನ ಸೇಫ್ಟಿಗೆ ಅಷ್ಟು ಬೆಲೆ ತಂದುಕೊಟ್ಟಿರುವುದು. ಸ್ನೂಕರಿನಲ್ಲಿ ಅಡ್ಡ ಹಾಕಿಸಿಕೊಂಡವರು ತಪ್ಪಿದರೆ ಎದುರಾಳಿಗೆ ಸಿಗುವುದು ನಾಲ್ಕರಿಂದ ಏಳು ಪಾಯಿಂಟ್. ಪೂಲಿನಲ್ಲಿ ಸಿಗುವುದು ಇಡೀ ಟೇಬಲ್ಲು. ಸ್ನೂಕರ್ ಹುಟ್ಟಿದ್ದು ನಮ್ಮ ದೇಶದಲ್ಲೇ, 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೇನೆಯ ಮೆಸ್ಸಿನಲ್ಲಿ. ಬೆಂಗಳೂರಿಗಂತೂ ಬಿಲಿಯರ್ಡ್ಸ್, ಸ್ನೂಕರಿನ ನಂಟು ಹಳೆಯದು. ಅರವಿಂದ್ ಸಾವೂರ್ ಅವರ ಗರಡಿಯಲ್ಲಿ ಪಳಗಿದ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದಾಗ ಅವರಿಗೆ ಹದಿನೆಂಟು ವರ್ಷ. ಆ ಕಡೆಯಿಂದ ಪೂಲಿಗೆ ಬಂದವರ ಜೊತೆ ತಾಳ್ಮೆಯೂ ಬರುತ್ತದೆ. ಕಾಲೇಜಿನ ಹಿಂದಿನ ಪಾರ್ಲರಿನಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಕಲಿತ ಹುಡುಗರಿಗೆ ಮಾತ್ರ ಬೀಳಿಸುವುದೇ ಆಟ. ಅವರನ್ನು ದೂರುವುದಕ್ಕೂ ಆಗದು. ನಾಲ್ಕು ಜನ ಸೇರಿ ದುಡ್ಡು ಹಾಕಿ ಒಂದು ಗಂಟೆ ತೆಗೆದುಕೊಂಡಿರುವಾಗ ಚೆಂಡು ಮುಚ್ಚಿಟ್ಟು ಕಾಯುವ ಪುರುಸೊತ್ತು ಎಲ್ಲಿಂದ ಬರಬೇಕು?

ಬೆಂಗಳೂರಿನಲ್ಲೇ ನಡೆದ ಒಂದು ಟೂರ್ನಿಯಲ್ಲಿ ಕಂಡ ಶಾಟ್ ಒಂದನ್ನು ಬಿಡಿಸಿ ಹೇಳಬೇಕು. ಆಡುತ್ತಿದ್ದವಳು ಪಿಯುಸಿ ಓದುವ ಹುಡುಗಿ. ಎದುರಿಗಿದ್ದವರು ಅವಳಿಗಿಂತ ಹತ್ತು ವರ್ಷ ಹೆಚ್ಚು ಟೂರ್ನಿ ನೋಡಿದವರು. ಸ್ಕೋರ್ ಸಮ. ಟೇಬಲ್ಲಿನ ಮೇಲೆ ಐದು ಚೆಂಡು: ಮೂರು, ನಾಲ್ಕು, ಆರು, ಎಂಟು, ಒಂಬತ್ತು. ಬಿಳಿ ಒಂದು ತುದಿಯ ಕುಶನ್ನಿಗೆ ಸ್ವಲ್ಪ ದೂರದಲ್ಲಿ. ಮೂರು ಬಲಗಡೆಯ ಉದ್ದ ಕುಶನ್ನಿಗೆ ಹತ್ತಿರ, ನಡುವಿನ ಪಾಕೆಟ್ಟನ್ನು ದಾಟಿದ ಕಡೆ. ಮೂರನ್ನು ಕುಶನ್ ಪಕ್ಕದಲ್ಲೇ ಓಡಿಸಿ ಆಚೆ ಮೂಲೆಗೆ ಹಾಕಬಹುದಿತ್ತು. ತೆಳುವಾದ ಕಟ್, ಉದ್ದದ ಓಟ. ಕಣ್ಣಿಗೆ ಬಿದ್ದ ಕೂಡಲೇ ಕೈ ತುರಿಸುವಂಥ ಶಾಟ್. ಆರು ಮತ್ತು ಎಂಟು ಎಡಗಡೆ ಜೊತೆಜೊತೆಗೆ ನಿಂತಿದ್ದವು. ನಾಲ್ಕು, ಒಂಬತ್ತು ಬಯಲಲ್ಲಿ ಇದ್ದವು.

ಅವಳು ಮೊದಲು ಶಾಟ್‌ಗೆ ಬಗ್ಗಿದಳು. ಕ್ಯೂ ಎರಡು ಸಲ ಹಿಂದೆಮುಂದೆ ಆಡಿತು. ಆಮೇಲೆ ಎದ್ದು ನಿಂತಳು. ಟೇಬಲ್ಲನ್ನು ಒಂದು ಸುತ್ತು ಬಂದು, ಆರು ಮತ್ತು ಎಂಟರ ಹಿಂದೆ ಕೂತು, ಚೆಂಡಿನ ಮಟ್ಟಕ್ಕೆ ಕಣ್ಣು ತಂದು, ಅಲ್ಲಿಂದ ಮೂರು ಕಾಣುತ್ತದೆಯೇ ಎಂದು ನೋಡಿದಳು. ಎದುರಾಳಿ ನಿಲ್ಲಬೇಕಾದ ಜಾಗದಲ್ಲಿ ತಾನು ಹೋಗಿ ಕೂತಿದ್ದಳು. ನಂತರ ವಾಪಸು ಬಂದು, ಕ್ಯೂಗೆ ಚಾಕ್ ಹಚ್ಚಿ, ಮೂರರ ಅಂಚಿಗೆ ಬಿಳಿಯನ್ನು ಸವರಿಸಿದಳು. ಮೂರು ಒಂದು ಗೇಣು ಸರಿದು ಉದ್ದ ಕುಶನ್ ಮುಟ್ಟಿ ಅಲ್ಲೇ ನಿಂತಿತು. ಬಿಳಿ ಆಚೆ ತುದಿಯ ಕುಶನ್ ತಾಗಿ, ಎಡಗಡೆಯ ಕುಶನ್ ತಾಗಿ, ಓಟ ಇಳಿಸಿಕೊಳ್ಳುತ್ತಾ ಬಂದು ಆರು ಮತ್ತು ಎಂಟರ ಬೆನ್ನಿಗೆ ನಿಂತಿತು. ನಡುವೆ ಎರಡು ಬೆರಳು ಜಾಗ. ಎದುರಾಳಿ ಕುಶನ್ ಮೂಲಕ ಕಿಕ್ ಮಾಡಿ ಮೂರನ್ನು ಹುಡುಕಲು ನೋಡಿದರು. ತಾಗಲಿಲ್ಲ. ಹುಡುಗಿ ಬಿಳಿಯನ್ನು ಕೈಗೆತ್ತಿಕೊಂಡು ಮೂರರ ಹಿಂದೆ ಬೇಕಾದ ಕೋನದಲ್ಲಿ ಇಟ್ಟು, ಐದೂ ಚೆಂಡು ಮುಗಿಸಿದಳು. ಜನ ಒಂಬತ್ತು ಬಿದ್ದಾಗ ಚಪ್ಪಾಳೆ ತಟ್ಟಿದರು. ಆ ಒಂಬತ್ತನ್ನು ಯಾರು ಬೇಕಾದರೂ ಹಾಕುತ್ತಿದ್ದರು. ಗೇಮ್ ಮುಗಿದದ್ದು ಅವಳು ಮೊದಲ ಸಲ ಬಗ್ಗಿದವಳು ಎದ್ದು ನಿಂತಾಗ.

ಅವಳು ಎದ್ದು ನಿಂತದ್ದು ಯಾಕೆ ಸರಿ ಎಂಬುದಕ್ಕೆ ಲೆಕ್ಕವಿದೆ. ಎಂಥ ಶಾಟ್ ಕಂಡರೂ ನಾವು ಸಾಮಾನ್ಯವಾಗಿ ಕೇಳಿಕೊಳ್ಳುವ ಪ್ರಶ್ನೆ ‘ಇದು ಬೀಳುತ್ತಾ’ ಎಂಬುದು. ಆ ಪ್ರಶ್ನೆಯೇ ಅರ್ಧ. ಬಿದ್ದ ಮೇಲೆ ಬಿಳಿ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಮುಂದಿನದು, ಅದರ ಮುಂದಿನದು. ಒಂದು ಚೆಂಡನ್ನು ಬೀಳಿಸಿ ಮುಂದಿನದಕ್ಕೆ ಸರಿಯಾದ ಪೊಸಿಷನ್ ಪಡೆಯುವ ಸಾಧ್ಯತೆ ನೂರಕ್ಕೆ 90 ಎಂದಿಟ್ಟುಕೊಳ್ಳೋಣ. ಅದು ಬಹಳ ಒಳ್ಳೆಯ ಆಟಗಾರರ ಮಟ್ಟ. ಹಾಗಿದ್ದರೂ ಐದು ಚೆಂಡನ್ನೂ ಒಂದೇ ಸರದಿಯಲ್ಲಿ ಮುಗಿಸುವ ಸಾಧ್ಯತೆ ನೂರಕ್ಕೆ 59. ಮೊದಲ ಶಾಟ್ ಮಾತ್ರ ಕಷ್ಟದ್ದು, ಅದು ನೂರಕ್ಕೆ 50, ಉಳಿದ ನಾಲ್ಕು 90 ಎಂದಾದರೆ ಒಟ್ಟು ಸಾಧ್ಯತೆ 33ಕ್ಕೆ ಇಳಿಯುತ್ತದೆ. ಆ ಉದ್ದದ ತೆಳು ಕಟ್ ಬೀಳದೆ ಹೋದಾಗ ಮೂರು ಎಲ್ಲಿ ನಿಲ್ಲುತ್ತಿತ್ತು? ಬಹುತೇಕ ಅದೇ ಪಾಕೆಟ್ಟಿನ ಬಾಯಲ್ಲಿ, ಎದುರಾಳಿಗೆ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದು ಆಮೇಲೆ ಹಲುಬುವವರು ಕೈಗೆ ಬಂದಿದ್ದು ಮೂರನೇ ಒಂದು ಪಾಲು ಮಾತ್ರ ಎಂಬುದನ್ನು ಮರೆಯುತ್ತಾರೆ.

ಪಂದ್ಯದಲ್ಲಿ ಇಷ್ಟೆಲ್ಲ ಗುಣಾಕಾರ ಮಾಡುತ್ತಾ ಕೂರಲು ಆಗುವುದಿಲ್ಲ, ನಿಜ. ದೊಡ್ಡ ವೃತ್ತಿಪರ ಟೂರ್ನಿಗಳಲ್ಲಿ ಶಾಟ್‌ಗೆ 30 ಸೆಕೆಂಡಿನ ಗಡಿಯಾರ ಓಡುತ್ತಿರುತ್ತದೆ. ಆದರೆ ತನ್ನ ಕೈ ಯಾವ ಶಾಟನ್ನು ಹತ್ತಕ್ಕೆ ಎಷ್ಟು ಸಲ ಹಾಕುತ್ತದೆ ಎಂಬುದು ಅಭ್ಯಾಸದ ಟೇಬಲ್ಲಿನಲ್ಲೇ ಗೊತ್ತಿರಬೇಕು. ಪಂದ್ಯದ ದಿನ ಅದನ್ನು ಮನಸ್ಸು ಹೆಚ್ಚಿಸಿ ಹೇಳುತ್ತದೆ, ಅಥವಾ ಸೋಲುತ್ತಿರುವಾಗ ತೀರಾ ತಗ್ಗಿಸಿ ಹೇಳುತ್ತದೆ. ಅದರ ಮಾತಿಗೆ ಬಗ್ಗದೆ ಹಳೆಯ ಲೆಕ್ಕವನ್ನೇ ಹಿಡಿದು ನಿಲ್ಲುವುದು ಕಷ್ಟದ ಕೆಲಸ. ನಾನು ಆಟಗಾರರಲ್ಲಿ ಮೆಚ್ಚುವ ಧೈರ್ಯ ಅದು.

ಹಳೆಯ ಕ್ಲಬ್ಬುಗಳಲ್ಲಿ ಮಾರ್ಕರ್ ಎಂದು ಒಬ್ಬರು ಇರುತ್ತಿದ್ದರು. ಸ್ಕೋರ್ ಹಾಕುವುದು, ಟೇಬಲ್ಲಿನ ಬಟ್ಟೆಗೆ ಬ್ರಷ್ ಹೊಡೆದು ಇಸ್ತ್ರಿ ಮಾಡುವುದು, ಕ್ಯೂಗೆ ಟಿಪ್ ಅಂಟಿಸುವುದು, ಜೊತೆ ಸಿಗದ ಮೆಂಬರುಗಳ ಜೊತೆ ಆಡುವುದು, ಎಲ್ಲ ಅವರದೇ. ನನಗೆ ಸೇಫ್ಟಿಯ ಅಕ್ಷರಾಭ್ಯಾಸ ಮಾಡಿಸಿದವರು ಅಂಥ ಒಬ್ಬ ಮಾರ್ಕರ್. ದಿನಪತ್ರಿಕೆಯ ಹಾಳೆಯೊಂದನ್ನು ನಾಲ್ಕು ಮಡಿಕೆ ಮಾಡಿ ಟೇಬಲ್ಲಿನ ಮೇಲೆ ಹಾಸಿ, ‘ಬಿಳಿ ಇದರ ಮೇಲೆ ಬಂದು ನಿಲ್ಲಬೇಕು, ಆಚೆ ಈಚೆ ಅನ್ನಂಗಿಲ್ಲ’ ಅನ್ನುತ್ತಿದ್ದರು. ನಾನು ಬಗ್ಗುವ ಮೊದಲೇ ಕೇಳುತ್ತಿದ್ದರು: ‘ಎರಡರಲ್ಲಿ ಯಾವ ಚೆಂಡು ನಿನ್ನ ಮಾತು ಕೇಳಬೇಕು, ಮೊದಲು ಅದನ್ನ ಹೇಳಪ್ಪಾ.’

ಸೇಫ್ಟಿಯ ಮರ್ಮ ಪೂರ್ತಿ ಆ ಪ್ರಶ್ನೆಯಲ್ಲಿದೆ. ಬಿಳಿಯ ನಡುವಿಗೆ ಹೊಡೆದು ಅದನ್ನು ಎದುರಿನ ಚೆಂಡಿಗೆ ಪೂರ್ತಿ ಮುಖಾಮುಖಿ ತಾಗಿಸಿದರೆ, ಉರುಳಲು ಶುರುವಾಗುವ ಮೊದಲೇ ತಾಗುವ ಬಿಳಿ ನಿಂತಲ್ಲೇ ನಿಲ್ಲುತ್ತದೆ; ವೇಗವೆಲ್ಲ ಇನ್ನೊಂದಕ್ಕೆ ಹೋಗುತ್ತದೆ. ಅಂಚಿಗೆ ಸವರಿದರೆ ಬಿಳಿ ತನ್ನ ವೇಗ ಇಟ್ಟುಕೊಂಡು ಹೋಗುತ್ತದೆ; ಇನ್ನೊಂದು ಮೈ ಮುರಿದಷ್ಟು ಮಾತ್ರ ಅಲುಗುತ್ತದೆ. ಅಂದರೆ ಒಂದನ್ನು ಇದ್ದಲ್ಲೇ ಇಟ್ಟು ಇನ್ನೊಂದನ್ನು ದೂರ ಕಳಿಸುವುದು ಸುಲಭ. ಎರಡನ್ನೂ ಓಡಿಸಿ ಎರಡನ್ನೂ ಬೇಕಾದಲ್ಲಿ ನಿಲ್ಲಿಸುವುದು ಬಹಳ ಕಷ್ಟ. ಅರ್ಧಂಬರ್ಧ ತಾಗಿಸಿದ ಸೇಫ್ಟಿಗಳು ಹಾಳಾಗುವುದು ಇದಕ್ಕೇ. ಮರೆಯ ವಿಷಯಕ್ಕೆ ಬಂದರೆ, ಅಡ್ಡ ನಿಂತ ಚೆಂಡು ಬಿಳಿಗೆ ಹತ್ತಿರವಿದ್ದಷ್ಟೂ ಮರೆ ದೊಡ್ಡದು. ಒಂದು ಮೊಳ ದೂರದ ಅಡ್ಡ ಚೆಂಡು ಮರೆಸುವುದು ಕಡಿಮೆ, ಜೊತೆಗೆ ಇವತ್ತಿನ ಆಟಗಾರರು ಗಿಡ್ಡ ಜಂಪ್ ಕ್ಯೂ ತೆಗೆದು ಅದರ ಮೇಲಿಂದಲೇ ಬಿಳಿಯನ್ನು ಹಾರಿಸುತ್ತಾರೆ. ಎರಡು ಬೆರಳು ದೂರದಲ್ಲಿದ್ದರೆ ಹಾರಿಸುವುದಕ್ಕೂ ಜಾಗವಿರುವುದಿಲ್ಲ. ಮರೆ ಸಿಗದಿದ್ದರೆ ದೂರವಾದರೂ ಬೇಕು: ಬಿಳಿ ಒಂದು ತುದಿಯ ಕುಶನ್ನಿಗೆ ಅಂಟಿಕೊಂಡು, ಗುರಿಯ ಚೆಂಡು ಇನ್ನೊಂದು ತುದಿಯಲ್ಲಿ. ಕುಶನ್ನಿಗೆ ಅಂಟಿದ ಬಿಳಿಯ ಮೇಲ್ಭಾಗ ಮಾತ್ರ ಕ್ಯೂಗೆ ಸಿಗುತ್ತದೆ. ಬಿಳಿಯನ್ನು ಹಿಂದಕ್ಕೆ ಎಳೆಯುವ ಸ್ಕ್ರೂ ಮಾಡಲು ಬರುವುದಿಲ್ಲ.

ಹೀಗೆಂದು ಎಲ್ಲಕ್ಕೂ ಬಚ್ಚಿಡುತ್ತಾ ಕೂತರೆ ಗೆಲ್ಲಲಾದೀತೇ? ಇಲ್ಲ. ನಮ್ಮ ಚೌಕಾಬಾರ ಆಡಿದವರಿಗೆ ಇದು ಗೊತ್ತು. ಗುರುತು ಹಾಕಿದ ಮನೆಯಲ್ಲಿ ಕಾಯಿ ಕೂತರೆ ಯಾರೂ ಕಡಿಯುವಂತಿಲ್ಲ. ಆದರೆ ಎದುರಾಳಿಯ ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಎಷ್ಟೋ ಮನೆಗಳಲ್ಲಿದೆ. ಹೊರಗೇ ಗಟ್ಟಿಮನೆಯಿಂದ ಗಟ್ಟಿಮನೆಗೆ ಹಾರುತ್ತಿದ್ದರೆ ಹಣ್ಣಾಗುವುದು ಯಾವಾಗ? ಪೂಲಿನಲ್ಲೂ ಅಂಜಿ ಆಡಿದ ಸೇಫ್ಟಿಯ ಗುರುತು ತಕ್ಷಣ ಸಿಗುತ್ತದೆ. ಮೆತ್ತಗೆ ತಳ್ಳಿರುತ್ತಾರೆ, ಬಿಳಿ ಮರೆಗೆ ತಲುಪುವ ಮುಂಚೆಯೇ ನಿಂತಿರುತ್ತದೆ, ಗುರಿ ಅರ್ಧ ಕಾಣುತ್ತಿರುತ್ತದೆ. ಅದು ಬೀಳಿಸಲು ಮನಸ್ಸಿಲ್ಲದೆ ಆಡಿದ್ದು, ಬಚ್ಚಿಡಲು ಮನಸ್ಸು ಮಾಡಿ ಆಡಿದ್ದಲ್ಲ. ಸೇಫ್ಟಿಯೇ ಪಾಟ್‌ನಷ್ಟು ಕಷ್ಟವಾಗಿ ಕಂಡರೆ ಪಾಟ್ ಮಾಡುವುದೇ ಸರಿ. ಚೆಂಡುಗಳೆಲ್ಲ ಬಯಲಲ್ಲಿದ್ದು ಮೊದಲನೆಯದು ಕೈಗೆ ನಿಲುಕುವಂತಿದ್ದರೆ ಹೊಡೆಯದೆ ಬಿಡುವುದು ತಪ್ಪು. ಎದುರಾಳಿ ಕಿಕ್ ಶಾಟ್‌ನಲ್ಲಿ ನಿಪುಣರಾಗಿದ್ದರೆ ನಿಮ್ಮ ಸೇಫ್ಟಿಯ ಬೆಲೆ ಅಷ್ಟು ಕಡಿಮೆ.

ಯಾವಾಗ ಬೀಳಿಸಬೇಕು, ಯಾವಾಗ ಬಚ್ಚಿಡಬೇಕು ಎಂಬುದು ಏಯ್ಟ್ ಬಾಲ್ ಆಟದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಅಲ್ಲಿ ಇಬ್ಬರಿಗೂ ಏಳೇಳು ಚೆಂಡು. ಹೊಸಬರು ತಮ್ಮ ಏಳರಲ್ಲಿ ಆರನ್ನು ಹುರುಪಿನಿಂದ ಹಾಕಿ, ಕುಶನ್ನಿಗೆ ಅಂಟಿ ಕೂತ ಏಳನೆಯದರ ಮುಂದೆ ಬಂದು ನಿಲ್ಲುತ್ತಾರೆ. ಅದು ಬೀಳುವುದಿಲ್ಲ. ಈಗ ಟೇಬಲ್ಲಿನ ಮೇಲಿರುವುದು ಬಹುತೇಕ ಎದುರಾಳಿಯ ಚೆಂಡುಗಳೇ, ಅವುಗಳ ದಾರಿಗೆ ಅಡ್ಡವಿದ್ದ ಆರೂ ಚೆಂಡನ್ನು ಇವರೇ ತೆಗೆದುಕೊಟ್ಟಿದ್ದಾರೆ. ಆ ಅಂಟಿದ ಚೆಂಡನ್ನು ಮೊದಲೇ ನೋಡಿ, ಎರಡು ಚೆಂಡು ಹಾಕಿದ ಮೇಲೆ ಮೆಲ್ಲಗೆ ಅದನ್ನು ಬಿಡಿಸುತ್ತಾ ಬಿಳಿಯನ್ನು ಮರೆಗೆ ಕಳಿಸಿದ್ದರೆ ಆಟವೇ ಬೇರೆಯಾಗುತ್ತಿತ್ತು. ಎಷ್ಟು ಜನಕ್ಕೆ ಹೇಳಿದರೂ ಇದು ತಲೆಗೆ ಹೋಗಲು ಒಂದಷ್ಟು ಪಂದ್ಯ ಸೋಲಬೇಕಾಗುತ್ತದೆ.

ಸೇಫ್ಟಿಯಿಂದ ಏನು ಪ್ರಯೋಜನ ಎಂದು ವಾದಿಸುವವರು ಮೊಬೈಲ್ ತೆಗೆದು ತೋರಿಸುವ ಒಂದು ಶಾಟ್ ಇದೆ. 1995ರಲ್ಲಿ ಅಮೆರಿಕದ ರೀನೋ ಊರಿನ ಸ್ಯಾಂಡ್ಸ್ ರೀಜೆನ್ಸಿಯಲ್ಲಿ ನಡೆದ ಟೂರ್ನಿಯ ಫೈನಲ್. ಒಂದು ಕಡೆ 1990, 1991ರಲ್ಲಿ ಬೆನ್ನುಬೆನ್ನಿಗೆ ವಿಶ್ವ ನೈನ್ ಬಾಲ್ ಗೆದ್ದಿದ್ದ ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್. ಇನ್ನೊಂದು ಕಡೆ ಫಿಲಿಪೀನ್ಸ್‌ನ ಎಫ್ರೆನ್ ರೇಯಸ್, ಹಿಂದಿನ ವರ್ಷವಷ್ಟೇ ಯು.ಎಸ್. ಓಪನ್ ಗೆದ್ದು, ಆ ಪ್ರಶಸ್ತಿ ಪಡೆದ ಮೊದಲ ಹೊರದೇಶದವರು ಎನಿಸಿಕೊಂಡಿದ್ದವರು. 13 ಗೇಮ್ ಮೊದಲು ಗೆದ್ದವರಿಗೆ ಪಂದ್ಯ, ಸ್ಕೋರ್ 12-12. ಕೊನೆಯ ಗೇಮಿನಲ್ಲಿ ಸ್ಟ್ರಿಕ್‌ಲ್ಯಾಂಡ್ ಐದನೇ ಚೆಂಡಿನ ಮೇಲೆ ಸೇಫ್ಟಿ ಆಡಿದರು. ರೇಯಸ್‌ಗೆ ಐದು ಕಾಣುತ್ತಿರಲಿಲ್ಲ. ಅವರು ಬಿಳಿಯನ್ನು ಎರಡು ಕುಶನ್ ತಾಗಿಸಿ ಅಂಕುಡೊಂಕಾಗಿ ಓಡಿಸಿ, ಐದಕ್ಕೆ ತಾಗಿಸಿದ್ದಷ್ಟೇ ಅಲ್ಲ, ಅದನ್ನು ಪಾಕೆಟ್ಟಿಗೂ ಹಾಕಿ, ಆರಕ್ಕೆ ಪೊಸಿಷನ್ನನ್ನೂ ಪಡೆದರು. ಉಳಿದ ಚೆಂಡುಗಳನ್ನು ಮುಗಿಸಿ 13-12ರಲ್ಲಿ ಪಂದ್ಯ ಗೆದ್ದರು.

ಆ ವಿಡಿಯೊ ನೋಡಿದಾಗೆಲ್ಲ ಈಗಲೂ ನನಗೆ ರೋಮಾಂಚನವಾಗುತ್ತದೆ. ಆದರೆ ಅದನ್ನು ಸ್ಟ್ರಿಕ್‌ಲ್ಯಾಂಡ್ ವಿರುದ್ಧದ ಸಾಕ್ಷಿಯಾಗಿ ತೋರಿಸುವುದನ್ನು ನಾನು ಒಪ್ಪುವುದಿಲ್ಲ. ಎದುರಾಳಿಗೆ ಅಂಥದೊಂದು ಶಾಟ್ ಬಿಟ್ಟು ಬೇರೇನೂ ಉಳಿಸದಿರುವುದೇ ಸೇಫ್ಟಿಯ ಕೆಲಸ. ಅದನ್ನು ಅವರು ಮಾಡಿದ್ದರು. ಅದೇ ಜಾಗದಿಂದ ಮತ್ತೆ ಮತ್ತೆ ಆಡಿಸಿದರೆ ಎಷ್ಟು ಸಲ ಐದು ಬಿದ್ದೀತು? ತೀರ್ಮಾನವನ್ನು ಅಳೆಯಬೇಕಾದ್ದು ಆ ಕ್ಷಣದಲ್ಲಿ ಕಣ್ಣ ಮುಂದೆ ಇದ್ದದ್ದರಿಂದ. ಆಮೇಲೆ ಏನಾಯಿತು ಎಂಬುದು ಬೇರೆ ಮಾತು. ಇನ್ನೊಂದು ವಿಷಯವನ್ನೂ ಆ ವಾದ ಮರೆಸುತ್ತದೆ. ರೇಯಸ್ ಹಾಗೆ ಹೊಡೆದದ್ದು ಹುಂಬತನದಿಂದಲ್ಲ. ಕುಶನ್ ಬಿಟ್ಟು ಅವರಿಗೆ ದಾರಿಯೇ ಇರಲಿಲ್ಲ. ಆ ದಾರಿ ಅವರಿಗೆ ಅಂಗೈಗೆರೆಯಷ್ಟು ಪರಿಚಿತವಾಗಿತ್ತು. ಐದು ವರ್ಷದ ಹುಡುಗನಾಗಿ ಮನಿಲಾಗೆ ಬಂದು, ಮಾವನ ಪೂಲ್ ಹಾಲಿನಲ್ಲಿ ಬೆಳೆದು, ಎತ್ತರ ಸಾಲದೆ ಕೋಕಾ ಕೋಲಾ ಕ್ರೇಟುಗಳ ಮೇಲೆ ನಿಂತು ಆಡಿ, ಟೇಬಲ್ಲಿನ ಮೇಲೆಯೇ ಮಲಗಿದವರು ಅವರು. ಆ ದೇಶದಲ್ಲಿ ಮೆಚ್ಚಿನ ಆಟ ರೊಟೇಶನ್: ಹದಿನೈದು ಚೆಂಡನ್ನೂ ಅಂಕಿಯ ಕ್ರಮದಲ್ಲೇ ಮುಟ್ಟಬೇಕು. ಅಷ್ಟು ಚೆಂಡುಗಳ ಗುಂಪಿನಲ್ಲಿ ಬೇಕಾದ ಚೆಂಡು ಮರೆಯಾಗುವುದು ದಿನನಿತ್ಯದ ಸಂಗತಿ, ಕುಶನ್ ಮೂಲಕ ಅದನ್ನು ಹುಡುಕುವುದೂ ಹಾಗೆಯೇ. ಬಚ್ಚಿಟ್ಟದ್ದನ್ನು ಹುಡುಕುತ್ತಾ ಬೆಳೆದವರ ಕೈಯಿಂದ ಬಂದ ಶಾಟ್ ಅದು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಹಿಡಿಸುವುದು ನೈನ್ ಬಾಲ್‌ನ ಪುಶ್ ಔಟ್. ಗೇಮ್ ಶುರುಮಾಡುವ ಬ್ರೇಕ್ ಆದ ಕೂಡಲೇ ಬರುವ ಶಾಟ್‌ನಲ್ಲಿ ಮಾತ್ರ ಆಟಗಾರರಿಗೆ ಈ ಅವಕಾಶವಿದೆ. ‘ಪುಶ್’ ಎಂದು ಹೇಳಿ ಬಿಳಿಯನ್ನು ಎಲ್ಲಿಗೆ ಬೇಕಾದರೂ ತಳ್ಳಬಹುದು. ಯಾವ ಚೆಂಡಿಗೂ ತಾಗಬೇಕಿಲ್ಲ, ಕುಶನ್ ಮುಟ್ಟಬೇಕಿಲ್ಲ. ಆಮೇಲೆ ಅಲ್ಲಿಂದ ಆಡಬೇಕೋ, ಇಲ್ಲ ‘ನೀವೇ ಆಡಿ’ ಎಂದು ವಾಪಸು ಕೊಡಬೇಕೋ ಎಂಬುದು ಎದುರಾಳಿಯ ಆಯ್ಕೆ. ಸುಲಭದ ಜಾಗಕ್ಕೆ ತಳ್ಳಿದರೆ ಅವರು ಆಡಿ ಮುಗಿಸುತ್ತಾರೆ. ಅಸಾಧ್ಯದ ಜಾಗಕ್ಕೆ ತಳ್ಳಿದರೆ ನಿಮಗೇ ತಿರುಗಿಸುತ್ತಾರೆ. ಅವರಿಗೆ ಒಲ್ಲದ್ದು, ನಿಮಗೆ ಒಗ್ಗುವಂಥದ್ದು ಯಾವುದು ಎಂದು ಹುಡುಕಬೇಕು. ಅವರು ಬ್ಯಾಂಕ್ ಶಾಟ್‌ನಲ್ಲಿ ಹಿಂಜರಿಯುತ್ತಾರೆಯೇ, ಜಂಪ್ ಕ್ಯೂ ತೆಗೆಯಲು ಯೋಚಿಸುತ್ತಾರೆಯೇ, ಉದ್ದದ ಶಾಟ್ ಕಂಡರೆ ಆಸೆಗೆ ಬೀಳುತ್ತಾರೆಯೇ, ಎಲ್ಲ ನೆನಪಿರಬೇಕು. ಹಿಂದಿನ ಗೇಮ್‌ಗಳಲ್ಲಿ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡಿದವರಿಗೂ ಎದುರಾಳಿಯನ್ನು ನೋಡಿದವರಿಗೂ ಇರುವ ಅಂತರ ಆಗ ಬಯಲಾಗುತ್ತದೆ.

ನಮ್ಮ ಪಾರ್ಲರಿಗೆ ಭಾನುವಾರ ಬೆಳಿಗ್ಗೆ ಬರುವ ಮಕ್ಕಳಿಗೆ ಈಗ ಒಂದು ಆಟ ಹೇಳಿಕೊಟ್ಟಿದ್ದೇವೆ. ಬಿಳಿಯಲ್ಲದೆ ಐದಾರು ಚೆಂಡು, ಅದರಲ್ಲಿ ಒಂದು ಮಾತ್ರ ಗುರಿ. ಆ ಚೆಂಡನ್ನು ಬೀಳಿಸಿದವರಿಗೆ ಒಂದು ಪಾಯಿಂಟ್ ಕಡಿತ. ಎದುರಾಳಿಯಿಂದ ಫೌಲ್ ಮಾಡಿಸಿದವರಿಗೆ ಒಂದು ಪಾಯಿಂಟ್. ಐದು ಮೊದಲು ಮುಟ್ಟಿದವರು ಗೆದ್ದರು. ಮೊದಮೊದಲು ಮಕ್ಕಳು ಮುಖ ಸಪ್ಪೆ ಮಾಡಿಕೊಂಡೇ ಆಡಿದರು. ಪೂಲಿಗೆ ಬಂದು ಚೆಂಡು ಹಾಕಬಾರದು ಅಂದರೆ ಏನು! ಈಗ ಟೇಬಲ್ ಖಾಲಿಯಾಗುವುದನ್ನೇ ಕಾಯುತ್ತಾರೆ. ಪಾಟ್ ಮಾಡುವುದರಲ್ಲಿ ಎಲ್ಲರಿಗಿಂತ ಹಿಂದಿದ್ದ ಒಬ್ಬ ಹುಡುಗ ಇದರಲ್ಲಿ ಮುಂದಿದ್ದಾನೆ. ಅಂಚಿಗೆ ಸವರುವುದು ಅವನಿಗೆ ಒಲಿದುಬಂದಿದೆ. ಅವರೇ ಮಾತಾಡಿಕೊಂಡು ಹೊಸ ನಿಯಮವೊಂದನ್ನೂ ಸೇರಿಸಿದ್ದಾರೆ. ಹೊಡೆಯುವ ಮೊದಲು ಬಿಳಿ ಎಲ್ಲಿ ನಿಲ್ಲುತ್ತದೆ, ಗುರಿಯ ಚೆಂಡು ಎಲ್ಲಿ ನಿಲ್ಲುತ್ತದೆ ಎಂದು ಬೆರಳಿಟ್ಟು ತೋರಿಸಬೇಕು. ಎರಡೂ ಹೇಳಿದ ಜಾಗಕ್ಕೆ ಬಂದರೆ ಒಂದು ಪಾಯಿಂಟ್ ಹೆಚ್ಚುವರಿ.